ಮನೆಗೆ ಎಷ್ಟು ಕೆಜಿಯ ಡಂಬೆಲ್ ತರಬೇಕು?

ಸಕ್ಕರೆ ಕಾಯಿಲೆಯ ತಪಾಸಣೆಗೆ ಹೋದವರಿಗೆ ವೈದ್ಯರು ಈಚೆಗೆ ಒಂದು ಮಾತು ಸೇರಿಸಿ ಹೇಳುತ್ತಾರೆ: ಬರೀ ವಾಕಿಂಗ್ ಸಾಲದು, ವಾರಕ್ಕೆ ಎರಡು ದಿನವಾದರೂ ತೂಕ ಎತ್ತಿ. ಆ ಮಾತು ನಮ್ಮ ಮನೆಗೂ ಬಂತು, ಅಮ್ಮನ ಪಾಲಿಗೆ. ಅವರಿಗೆ ಐವತ್ತೆಂಟು ವರ್ಷ, ಜಿಮ್ಮಿನ ಮೆಟ್ಟಿಲು ಹತ್ತಿದವರಲ್ಲ. ಆ ಸಂಜೆಯೇ ಅಂಗಡಿಗೆ ಹೋದೆವು. ಗೋಡೆಯುದ್ದಕ್ಕೂ ಡಂಬೆಲ್‌ಗಳು ಸಾಲಾಗಿದ್ದವು, ಗುಲಾಬಿ ಬಣ್ಣದ 1 ಕೆಜಿಯಿಂದ ಹಿಡಿದು ಎರಡು ಕೈಯಲ್ಲೂ ಅಲುಗದ 25 ಕೆಜಿಯವರೆಗೆ. ಅಂಗಡಿಯವರು ಕೇಳಿದ್ದು ಒಂದೇ ಪ್ರಶ್ನೆ: ಎಷ್ಟು ಕೆಜಿಯದು ಕೊಡಲಿ?

ಅಂದು ಏನನ್ನೂ ಕೊಳ್ಳದೆ ವಾಪಸ್ ಬಂದೆವು. ಆ ಪ್ರಶ್ನೆಗೆ ಒಂದೇ ಸಂಖ್ಯೆಯ ಉತ್ತರ ಇಲ್ಲ. ಏಕಿಲ್ಲ ಎಂಬುದು ತಿಳಿದರೆ, ಏನು ಕೊಳ್ಳಬೇಕೆಂಬುದೂ ಬಹುಪಾಲು ತಿಳಿದಂತೆಯೇ.

ತೂಕ ಎತ್ತಿ ಅನ್ನುವುದೇಕೆ

ಉಂಡ ಅನ್ನ, ಮುದ್ದೆ, ಚಪಾತಿ ಕರಗಿ ಗ್ಲೂಕೋಸ್ ಆಗಿ ರಕ್ತಕ್ಕೆ ಸೇರುತ್ತದೆ. ಅದರ ದೊಡ್ಡ ಪಾಲನ್ನು ಹೀರಿ ಇಟ್ಟುಕೊಳ್ಳುವ ಕಣಜ ನಮ್ಮ ಸ್ನಾಯು. ಕಣಜ ಚಿಕ್ಕದಾದರೆ ಧಾನ್ಯ ಅಂಗಳದಲ್ಲೇ ಉಳಿಯುತ್ತದೆ, ಅಂದರೆ ಸಕ್ಕರೆ ರಕ್ತದಲ್ಲೇ ನಿಲ್ಲುತ್ತದೆ. ಮೂವತ್ತು ದಾಟಿದ ಮೇಲೆ, ಸುಮ್ಮನೆ ಬಿಟ್ಟರೆ, ಹತ್ತು ವರ್ಷಕ್ಕೆ ಸರಿಸುಮಾರು ನೂರಕ್ಕೆ 3ರಿಂದ 8ರಷ್ಟು ಸ್ನಾಯು ಕರಗುತ್ತಾ ಹೋಗುತ್ತದೆ. ನಡಿಗೆ ಹೃದಯಕ್ಕೂ ಉಸಿರಿಗೂ ಒಳ್ಳೆಯದು, ಆದರೆ ಕಣಜವನ್ನು ಅಷ್ಟಾಗಿ ಹಿಗ್ಗಿಸದು. ಅದಕ್ಕೆ ಭಾರ ಬೇಕು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದು 2023ರಲ್ಲಿ ಪ್ರಕಟವಾದ ದೇಶವ್ಯಾಪಿ ಅಧ್ಯಯನದ ಅಂದಾಜಿನಂತೆ ಭಾರತದಲ್ಲಿ ಮಧುಮೇಹಿಗಳು 10 ಕೋಟಿ 10 ಲಕ್ಷ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯೂ ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷದ ನಡಿಗೆಯಂಥ ಚಟುವಟಿಕೆಯ ಜೊತೆಗೆ, ಎರಡು ಅಥವಾ ಹೆಚ್ಚು ದಿನ ಸ್ನಾಯು ಬಲಪಡಿಸುವ ವ್ಯಾಯಾಮ ಬೇಕು ಎನ್ನುತ್ತದೆ. ಜಿಮ್ಮಿಗೆ ಹೋಗಲಾಗದ, ಹೋಗಲು ಮುಜುಗರಪಡುವ ಲಕ್ಷಾಂತರ ಮನೆಗಳಿಗೆ ಡಂಬೆಲ್ ಎಂಬ ಪದ ಹೀಗೆ ಬಂದಿದೆ.

ಫ್ರೀ ವೇಟ್ ಅಂದರೆ

ಜಿಮ್ಮಿನ ಯಂತ್ರದಲ್ಲಿ ತೂಕಕ್ಕೆ ಹಳಿ ಇರುತ್ತದೆ. ನೀವು ಎಳೆದರೆ ಅದು ಹಾಕಿಕೊಟ್ಟ ದಾರಿಯಲ್ಲೇ ಮೇಲೆ ಕೆಳಗೆ ಹೋಗುತ್ತದೆ. ಡಂಬೆಲ್‌ನಂಥ ಫ್ರೀ ವೇಟ್‌ಗೆ ಅಂಥ ಹಳಿ ಇಲ್ಲ. ಕೈಯಲ್ಲಿ ಹಿಡಿದ ಭಾರ ಯಾವ ದಿಕ್ಕಿಗೂ ವಾಲಬಹುದು, ಅದನ್ನು ನೇರವಾಗಿ ಇಟ್ಟುಕೊಳ್ಳುವ ಕೆಲಸವೂ ನಿಮ್ಮದೇ. ಆದ್ದರಿಂದ ಎತ್ತುವ ದೊಡ್ಡ ಸ್ನಾಯುವಿನ ಜೊತೆಗೆ ಕೀಲನ್ನು ಅಲುಗದಂತೆ ಹಿಡಿಯುವ ಚಿಕ್ಕ ಸ್ನಾಯುಗಳೂ ದುಡಿಯುತ್ತವೆ. ಸಾಮಾನಿನ ಚೀಲ ಹೊರುವಾಗ, ಮಗುವನ್ನು ಎತ್ತಿಕೊಳ್ಳುವಾಗ ಆಗುವುದೂ ಇದೇ.

ಡಂಬೆಲ್ ಒಂದು ಕೈಯಲ್ಲಿ ಹಿಡಿಯುವಂಥದ್ದು. ಬಾರ್ಬೆಲ್ ಎರಡೂ ಕೈಗೆ ಒಂದೇ ಉದ್ದನೆಯ ರಾಡ್. ಕೆಟಲ್‌ಬೆಲ್ ಹಿಡಿ ಇರುವ ಕಬ್ಬಿಣದ ಗುಂಡು. ನಮ್ಮ ಗರಡಿಮನೆಯ ಗದೆ, ಜಾತ್ರೆಯಲ್ಲಿ ಪೈಲ್ವಾನರು ಎತ್ತುವ ಸಂಗ್ರಾಣಿ ಕಲ್ಲು ಕೂಡ ಫ್ರೀ ವೇಟ್‌ಗಳೇ. ಹೆಸರು ಹೊಸದು, ಕೆಲಸ ಹಳೆಯದು.

ಒಂದೇ ತೂಕ ಎಲ್ಲದಕ್ಕೂ ಏಕೆ ಸಾಲದು

ತುಂಬಿದ ಬಿಂದಿಗೆಯನ್ನು ಸೊಂಟದ ಮೇಲಿಟ್ಟುಕೊಂಡು ಎಷ್ಟೋ ಹೆಣ್ಣುಮಕ್ಕಳು ಅರ್ಧ ಮೈಲಿ ನಡೆದಿದ್ದಾರೆ. ಅದೇ ಬಿಂದಿಗೆಯನ್ನು ತೋಳು ಚಾಚಿ ಹಿಡಿ ಅಂದರೆ ಯಾವ ಪೈಲ್ವಾನನೂ ಹೆಚ್ಚು ಹೊತ್ತು ಹಿಡಿಯಲಾರ. ಬಿಂದಿಗೆಯ ತೂಕ ಬದಲಾಗಿಲ್ಲ, ಮೈಯಿಂದ ಅದಕ್ಕಿರುವ ದೂರ ಬದಲಾಗಿದೆ. ಬಾಗಿಲನ್ನು ಹಿಡಿಯ ಬಳಿ ಬೆರಳಲ್ಲಿ ತಳ್ಳಬಹುದು, ಕೀಲಿನ ಹತ್ತಿರ ತಳ್ಳಲು ಇಡೀ ಅಂಗೈ ಬೇಕು. ನಮ್ಮ ಸ್ನಾಯುಗಳು ಎಲುಬಿಗೆ ಅಂಟಿಕೊಂಡಿರುವುದು ಕೀಲಿಗೆ ತೀರಾ ಹತ್ತಿರದಲ್ಲಿ, ಭಾರ ಇರುವುದು ತೋಳಿನ ತುದಿಯಲ್ಲಿ. ಹಾಗಾಗಿ ಭಾರ ದೂರ ಸರಿದಷ್ಟೂ ಸ್ನಾಯುವಿನ ಪಾಲಿಗೆ ಅದು ಹಲವು ಪಟ್ಟು ಹೆಚ್ಚುತ್ತದೆ. ಗದೆಯ ಕಲ್ಲನ್ನು ಉದ್ದನೆಯ ಕೋಲಿನ ತುದಿಗೆ ಕಟ್ಟಿದ ಹಿರಿಯರಿಗೆ ಈ ಗುಟ್ಟು ಚೆನ್ನಾಗಿ ಗೊತ್ತಿತ್ತು.

ಇನ್ನೊಂದು ಕಾರಣ ಸ್ನಾಯುವಿನ ಗಾತ್ರ. ತೊಡೆ ಮತ್ತು ನಿತಂಬದ ಸ್ನಾಯುಗಳು ದಿನವಿಡೀ ಇಡೀ ದೇಹವನ್ನು ಹೊತ್ತು ತಿರುಗುವಂಥವು. ಭುಜದ ಬದಿಯ ಸ್ನಾಯು ಅದರ ಮುಂದೆ ಪುಟ್ಟದು. ಎರಡಕ್ಕೂ ಒಂದೇ ಭಾರ ಕೊಟ್ಟರೆ ಒಂದಕ್ಕೆ ಆಟ, ಇನ್ನೊಂದಕ್ಕೆ ಪೆಟ್ಟು.

ಅಂಗಡಿಯಿಂದ ಬಂದ ರಾತ್ರಿ ಅಮ್ಮನ ಜೊತೆ ಅಡುಗೆಮನೆಯಲ್ಲೇ ಇದನ್ನು ನೋಡಿದೆವು. ಎರಡು ಕೈಯಲ್ಲೂ ಅರ್ಧ ಲೀಟರ್ ನೀರಿನ ಬಾಟಲಿ ಹಿಡಿದು ತೋಳನ್ನು ಪಕ್ಕಕ್ಕೆ ಭುಜದ ಮಟ್ಟಕ್ಕೆ ಎತ್ತಿದರು. ಹನ್ನೆರಡಕ್ಕೆ ತೋಳು ನಡುಗಿತು. ಎರಡು ಲೀಟರಿನ ಬಾಟಲಿ ಹಿಡಿದು ಮೊಣಕೈ ಮಡಿಸಿದಾಗಲೂ ಹನ್ನೊಂದು, ಹನ್ನೆರಡರ ಹೊತ್ತಿಗೆ ಅದೇ ದಣಿವು. ಆಮೇಲೆ 10 ಕೆಜಿ ಅಕ್ಕಿ ಚೀಲವನ್ನು ಎದೆಗೆ ಅಪ್ಪಿಕೊಂಡು ಕುರ್ಚಿಯ ಮೇಲೆ ಕೂತು ಎದ್ದರು. ಹತ್ತರವರೆಗೆ ಸರಾಗವಾಗಿ ಬಂತು. ಅದೇ ಮನುಷ್ಯರು, ಅದೇ ರಾತ್ರಿ. ಒಂದು ಕಡೆ ಅರ್ಧ ಕೆಜಿ, ಇನ್ನೊಂದು ಕಡೆ 10 ಕೆಜಿ, ಇಪ್ಪತ್ತು ಪಟ್ಟು ವ್ಯತ್ಯಾಸ. ನಾವು ಯಾವ ಒಂದು ಜೋಡಿ ಡಂಬೆಲ್ ತಂದಿದ್ದರೂ ಈ ಮೂರರಲ್ಲಿ ಎರಡಕ್ಕೆ ಅದು ಬರುತ್ತಿರಲಿಲ್ಲ.

ಕೊಳ್ಳುವ ಮೊದಲು ಮನೆಯಲ್ಲೇ ಅಳೆಯಿರಿ

ಈ ಪರೀಕ್ಷೆಯನ್ನು ಯಾರು ಬೇಕಾದರೂ ಮಾಡಬಹುದು, ಖರ್ಚಿಲ್ಲ. ಒಂದು ಲೀಟರ್ ನೀರು ಅಂದರೆ ಒಂದು ಕೆಜಿ. ಐದು ಲೀಟರಿನ ಖಾಲಿ ಎಣ್ಣೆ ಕ್ಯಾನಿಗೆ ನೀರು ತುಂಬಿದರೆ 5 ಕೆಜಿಯ ಹಿಡಿ ಇರುವ ತೂಕ ಸಿದ್ಧ. ಅಕ್ಕಿ, ಹಿಟ್ಟಿನ ಚೀಲಗಳ ಮೇಲೆ ತೂಕ ಬರೆದೇ ಇರುತ್ತದೆ. ಅಡುಗೆ ಗ್ಯಾಸಿನ ತುಂಬಿದ ಸಿಲಿಂಡರ್ ಮಾತ್ರ ಬೇಡ: ಒಳಗಿನ ಗ್ಯಾಸೇ 14.2 ಕೆಜಿ, ಕಬ್ಬಿಣ ಸೇರಿ 30 ಕೆಜಿಯ ಆಸುಪಾಸು.

ಎರಡು ಪದ ಇಲ್ಲಿ ಬೇಕಾಗುತ್ತವೆ. ಒಂದು ಸಲ ಎತ್ತಿ ಇಳಿಸಿದರೆ ಒಂದು ರೆಪ್. ನಿಲ್ಲಿಸದೆ ಮಾಡಿದ ರೆಪ್‌ಗಳ ಗುಂಪು ಒಂದು ಸೆಟ್. ಹೊಸಬರಿಗೆ ಸೆಟ್‌ಗೆ 8ರಿಂದ 12 ರೆಪ್ ಎಂಬುದು ಜಗತ್ತಿನ ಬಹುತೇಕ ತರಬೇತುದಾರರು ಒಪ್ಪುವ ಲೆಕ್ಕ. ಸರಿಯಾದ ತೂಕ ಯಾವುದೆಂದರೆ, ಸೆಟ್ ಮುಗಿಸಿದಾಗ 'ಇನ್ನೂ ಎರಡು ಆಗುತ್ತಿತ್ತು, ನಾಲ್ಕು ಆಗುತ್ತಿರಲಿಲ್ಲ' ಅನ್ನಿಸುವಂಥದ್ದು. ಇಪ್ಪತ್ತಾದರೂ ಮಾತಾಡುತ್ತಾ ಎತ್ತುತ್ತಿದ್ದೀರಾದರೆ ಅದು ಹಗುರ. ಆರನೆಯದಕ್ಕೇ ಸೊಂಟ ಹಿಂದಕ್ಕೆ ಬಾಗಿಸಿ ಜೋಲಿ ಹೊಡೆಸಿ ಎತ್ತುತ್ತಿದ್ದೀರಾದರೆ ಭಾರ ಹೆಚ್ಚಾಯಿತು; ಆಗ ಎತ್ತುತ್ತಿರುವುದು ತೋಳಲ್ಲ, ಬೆನ್ನು.

ಒಂದು ಅಂದಾಜು ಬೇಕೆನ್ನುವವರಿಗೆ ಹೇಳುವುದಾದರೆ, ಬೇರೆ ತೊಂದರೆಯಿಲ್ಲದ ಹೊಸಬರು ತೋಳನ್ನು ಪಕ್ಕಕ್ಕೆ ಎತ್ತಲು ಕೈಗೆ 1ರಿಂದ 3 ಕೆಜಿ, ಮೊಣಕೈ ಮಡಿಸಲು 2ರಿಂದ 6, ತಲೆಯ ಮೇಲಕ್ಕೆ ಒತ್ತಲು 2ರಿಂದ 7, ಮುಂದಕ್ಕೆ ಬಾಗಿ ಸೊಂಟದ ಕಡೆಗೆ ಎಳೆಯಲು 4ರಿಂದ 10, ಎದೆಗೆ ಹಿಡಿದು ಬಸ್ಕಿ ಹೊಡೆಯಲು 6ರಿಂದ 16 ಕೆಜಿಯೊಳಗೆ ಎಲ್ಲೋ ಒಂದು ಕಡೆ ನಿಲ್ಲುತ್ತಾರೆ. ನಿಮ್ಮ ನೀರಿನ ಬಾಟಲಿ ಬೇರೆ ಹೇಳಿದರೆ ಬಾಟಲಿಯನ್ನೇ ನಂಬಿ.

ಮೆಟ್ಟಿಲಿನ ಲೆಕ್ಕ

ಕೊಳ್ಳುವವರು ಹೆಚ್ಚಾಗಿ ಎಡವುವುದು ಇಲ್ಲಿ. ದೇಹ ಭಾರಕ್ಕೆ ಹೊಂದಿಕೊಳ್ಳುತ್ತದೆ. ಮೊದಲ ಕೆಲವು ವಾರ ಸ್ನಾಯು ಬೆಳೆಯುವುದಕ್ಕಿಂತ ಹೆಚ್ಚಾಗಿ ಮಿದುಳು ಮತ್ತು ನರಗಳು ಆ ಕೆಲಸ ಕಲಿಯುತ್ತವೆ, ಹಾಗಾಗಿ ಬಲ ಬೇಗ ಏರುತ್ತದೆ. ಹೊಂದಿಕೊಂಡ ಮೇಲೂ ಅದೇ ತೂಕ ಎತ್ತುತ್ತಿದ್ದರೆ ಕಣಜ ಹಿಗ್ಗದು. ಸ್ವಲ್ಪ ಸ್ವಲ್ಪವೇ ಭಾರ ಏರಿಸುತ್ತಾ ಹೋಗಬೇಕು. ಅಮೆರಿಕದ ಕ್ರೀಡಾ ವೈದ್ಯಕೀಯ ಕಾಲೇಜು ಎಂಬ ತಜ್ಞರ ಸಂಘ 2009ರ ತನ್ನ ನಿಲುವು ಪತ್ರದಲ್ಲಿ ಸೂಚಿಸಿದ್ದು ಒಂದು ಸಲಕ್ಕೆ ನೂರಕ್ಕೆ 2ರಿಂದ 10ರಷ್ಟು ಏರಿಕೆ.

ಈಗ ಅಂಗಡಿಯ ಗೋಡೆ ನೋಡಿ. 2 ಕೆಜಿ ಆದ ಮೇಲೆ 3 ಕೆಜಿ: ನೋಡಲು ಒಂದೇ ಕೆಜಿ, ಏರಿಕೆ ನೂರಕ್ಕೆ 50. 5ರಿಂದ ಏಳೂವರೆಗೆ ಹೋದರೂ 50. 10ರಿಂದ ಹನ್ನೆರಡೂವರೆಗೆ 25. ಮನೆಯ ಮೆಟ್ಟಿಲು ಒಂದೊಂದೂ ಸೊಂಟದೆತ್ತರ ಇದ್ದರೆ ಮಹಡಿ ಹತ್ತುವವರು ಯಾರು? ಡಂಬೆಲ್ ಮೂಲೆ ಸೇರುವುದು ಎಷ್ಟೋ ಸಲ ಸೋಮಾರಿತನದಿಂದಲ್ಲ, ಮುಂದಿನ ಮೆಟ್ಟಿಲು ಕಾಲಿಗೆ ಎಟುಕದ ಕಾರಣ.

ಇದಕ್ಕೆ ಎರಡು ಪರಿಹಾರ. ಒಂದು, ತೂಕ ಏರಿಸುವ ಮೊದಲು ಎಣಿಕೆ ಏರಿಸುವುದು. ಒಂದು ತೂಕದಲ್ಲಿ 8 ರೆಪ್‌ನಿಂದ ಶುರು ಮಾಡಿ 12 ಮುಟ್ಟಿ, ಮುಂದಿನ ತೂಕಕ್ಕೆ ಹೋದಾಗ ಮತ್ತೆ 8ಕ್ಕೆ ಇಳಿಯಿರಿ. ಇನ್ನೊಂದು, ಚಿಕ್ಕ ಮೆಟ್ಟಿಲುಗಳನ್ನು ಕೊಳ್ಳುವುದು.

ಹಾಗಾದರೆ ಯಾವ ಬಗೆಯದು

ತೂಕ ಬದಲಿಸಲಾಗದ ಡಂಬೆಲ್‌ಗಳು ಬಳಸಲು ಬಹಳ ಸುಲಭ. ಎತ್ತಿಕೊಂಡರೆ ವ್ಯಾಯಾಮ ಶುರು. ಆದರೆ ಪ್ರತಿ ಮೆಟ್ಟಿಲಿಗೂ ಒಂದು ಜೋಡಿ ಬೇಕು, ಜಾಗ ಮತ್ತು ಹಣ ಎರಡೂ ಹೋಗುತ್ತವೆ. ತುಂಬ ವಯಸ್ಸಾದವರಿಗೆ, ಬೆರಳಿನ ಕೀಲು ನೋವಿರುವವರಿಗೆ ಲಾಕ್ ತಿರುಗಿಸುವ ಗೋಜಿಲ್ಲದ ಇವೇ ಮೇಲು. 1, 2, 3 ಕೆಜಿಯ ಮೂರು ಜೋಡಿ ಸಾಕು. ದುಂಡನೆಯದಕ್ಕಿಂತ ಆರು ಮೂಲೆಯದು ಒಳ್ಳೆಯದು, ನೆಲದ ಮೇಲೆ ಉರುಳಿಕೊಂಡು ಹೋಗದು.

ಪ್ಲೇಟ್ ಹಾಕುವ ಡಂಬೆಲ್‌ಗಳಲ್ಲಿ ಖಾಲಿ ರಾಡ್‌ನ ಎರಡು ತುದಿಗೆ ಬೇಕಾದಷ್ಟು ಪ್ಲೇಟ್ ಸೇರಿಸಿ ಲಾಕ್ ಬಿಗಿಯುತ್ತೇವೆ. ಹೊಸಬರ ಮನೆಗೆ ನಾನು ಮೊದಲು ಹೇಳುವುದು ಇದನ್ನೇ. ಲೆಕ್ಕ ನೋಡಿ: 14 ಅಂಗುಲದ ಎರಡು ರಾಡ್, ಅರ್ಧ ಕೆಜಿಯ ನಾಲ್ಕು, 1.25 ಕೆಜಿಯ ನಾಲ್ಕು, 2.5 ಕೆಜಿಯ ನಾಲ್ಕು ಪ್ಲೇಟ್. ಲಾಕ್ ಸೇರಿ ಒಂದು ರಾಡ್ 2 ಕೆಜಿ ಎಂದುಕೊಂಡರೆ ಒಟ್ಟು 21 ಕೆಜಿ ಕಬ್ಬಿಣ. ಇದರಿಂದ ಒಂದೊಂದು ಕೈಗೆ 2, 3, 4.5, 5.5, 7, 8, 9.5, 10.5 ಕೆಜಿ, ಹೀಗೆ ಎಂಟು ಮೆಟ್ಟಿಲು ಸಿಗುತ್ತವೆ. ಬಸ್ಕಿಗೆ 1.25 ಮತ್ತು 2.5ರ ಎಂಟೂ ಪ್ಲೇಟನ್ನು ಒಂದೇ ರಾಡಿಗೆ ಏರಿಸಿದರೆ 17 ಕೆಜಿ. ಎಲ್ಲವೂ ಮಂಚದ ಕೆಳಗೆ ಹಿಡಿಯುತ್ತವೆ. ಅರ್ಧ ಕೆಜಿಯ ಪ್ಲೇಟ್ ಎಲ್ಲ ಅಂಗಡಿಯಲ್ಲೂ ಇರುವುದಿಲ್ಲ, ಕೇಳಿ ತರಿಸಬೇಕು. ಸಿಗದೇ ಹೋದರೆ ಮಣಿಕಟ್ಟಿಗೆ ಸುತ್ತುವ ಮರಳಿನ ಪಟ್ಟಿ ಅದೇ ಕೆಲಸ ಮಾಡುತ್ತದೆ.

ನಾಬ್ ತಿರುಗಿಸಿದರೆ ತೂಕ ಬದಲಾಗುವ ಡಂಬೆಲ್‌ಗಳೂ ಇವೆ. ಬೇಗ ಬದಲಿಸಬಹುದು, ಜಾಗ ಕಡಿಮೆ. ಬೆಲೆ ಹೆಚ್ಚು, ಒಳಗೆ ಹಲ್ಲು, ಕೊಂಡಿ ಇರುವುದರಿಂದ ಒಮ್ಮೆ ಕೈಜಾರಿ ಬಿದ್ದರೆ ಕೆಡಬಹುದು.

ಕೆಟಲ್‌ಬೆಲ್ ರಷ್ಯಾದಿಂದ ಬಂದದ್ದು. ಅಲ್ಲಿನ ಹಳೆಯ ತೂಕದ ಅಳತೆ ಪೂಡ್, ಅಂದರೆ 16.38 ಕೆಜಿ, ಅದಕ್ಕೇ ಸಾಂಪ್ರದಾಯಿಕ ಕೆಟಲ್‌ಬೆಲ್‌ಗಳು 16, 24, 32 ಕೆಜಿಯವು. ಬಸ್ಕಿಗೆ ಅದನ್ನು ಎದೆಗೆ ಹಿಡಿಯುವುದು ಬಲು ಹಿತ. ಆದರೆ ಕಾಲುಗಳ ನಡುವಿನಿಂದ ಬೀಸುವ ವ್ಯಾಯಾಮವನ್ನು ತಿಳಿದವರ ಎದುರು ಕಲಿಯಬೇಕು. ಮೇಲಾಗಿ ಒಂದು ಕೆಟಲ್‌ಬೆಲ್ ಅಂದರೆ ಒಂದೇ ಮೆಟ್ಟಿಲು.

ಬಾರ್ಬೆಲ್‌ನಲ್ಲಿ ಎಲ್ಲಕ್ಕಿಂತ ಹೆಚ್ಚು ಭಾರ ಎತ್ತಬಹುದು. ಕುಂದಾಪುರದ ಕಡೆಯ ಗುರುರಾಜ ಪೂಜಾರಿ 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ವೇಟ್‌ಲಿಫ್ಟಿಂಗ್‌ನ 56 ಕೆಜಿ ವಿಭಾಗದಲ್ಲಿ ಎರಡು ಬಗೆಯ ಎತ್ತುವಿಕೆ ಸೇರಿ ಒಟ್ಟು 249 ಕೆಜಿ ಎತ್ತಿ ಬೆಳ್ಳಿ ಗೆದ್ದದ್ದು ಬಾರ್ಬೆಲ್‌ನಲ್ಲೇ. ಆ ಕ್ರೀಡೆಯ ಪುರುಷರ ರಾಡ್ ಒಂದೇ 20 ಕೆಜಿ, ಉದ್ದ 2.2 ಮೀಟರ್. ಎರಡು ಕೋಣೆಯ ಮನೆಯಲ್ಲಿ ಅದನ್ನು ತಿರುಗಿಸುವುದಕ್ಕೂ ಜಾಗ ಸಿಗದು. ಅದು ಕೊನೆಯ ಖರೀದಿಯಾಗಲಿ, ಮೊದಲನೆಯದಲ್ಲ.

ಕೈಯಲ್ಲಿ ಹಿಡಿದು ನೋಡಬೇಕಾದದ್ದು

ಲಾಕ್ ಮೊದಲು. ಪ್ಲೇಟ್ ಸೇರಿಸಿ, ಬಿಗಿದು, ರಾಡನ್ನು ನೆಟ್ಟಗೆ ನಿಲ್ಲಿಸಿ ಅಲ್ಲಾಡಿಸಿ. ಪ್ಲೇಟ್ ಕಟಕಟ ಅಂದರೆ ಬೇಡ. ತಿರುಗಿಸಿ ಬಿಗಿಯುವ ರಬ್ಬರ್ ಉಂಗುರದ ನಟ್ಟು, ಸ್ಪ್ರಿಂಗ್ ಕ್ಲಿಪ್ಪಿಗಿಂತ ಭದ್ರ. ತಲೆಯ ಮೇಲೆ ಎತ್ತುವ ವಸ್ತುವಿನಲ್ಲಿ ಇದೊಂದು ವಿಷಯಕ್ಕೆ ರಾಜಿ ಬೇಡ. ಪ್ರತಿ ಸೆಟ್‌ಗೂ ಮುನ್ನ ಒಮ್ಮೆ ತಿರುಗಿಸಿ ನೋಡುವುದು ಅಭ್ಯಾಸವಾಗಲಿ.

ಪ್ಲೇಟ್‌ಗಳಲ್ಲಿ ಎರಡು ಜಾತಿ. ಕಬ್ಬಿಣದ್ದು ತೆಳು, ಬಾಳಿಕೆ ಹೆಚ್ಚು. ಪ್ಲಾಸ್ಟಿಕ್ ಚಿಪ್ಪಿನೊಳಗೆ ಸಿಮೆಂಟು ಅಥವಾ ಮರಳು ತುಂಬಿದ್ದು ಅಗ್ಗ, ಆದರೆ ದಪ್ಪ. ರಾಡಿನ ಮೇಲೆ ಎರಡೇ ಹಿಡಿಯುತ್ತವೆ. ಬಿದ್ದರೆ ಚಿಪ್ಪು ಸೀಳಿ ಒಳಗಿನದು ಉದುರುತ್ತದೆ. ಬರೆದ ತೂಕ ಮತ್ತು ಇರುವ ತೂಕ ಬೇರೆಯಾಗಿರುವುದೂ ಉಂಟು. ನಾವು ತಂದ ಪ್ಲೇಟ್‌ಗಳನ್ನು ಬೀದಿ ಕೊನೆಯ ದಿನಸಿ ಅಂಗಡಿಯ ತಕ್ಕಡಿಯಲ್ಲಿ ಒಂದೊಂದಾಗಿ ತೂಗಿದೆವು. 2.5 ಎಂದು ಬರೆದಿದ್ದ ನಾಲ್ಕರಲ್ಲಿ ಒಂದು 2 ಕೆಜಿ 280 ಗ್ರಾಂ ಇತ್ತು. ಮೇಲೆ ಸುಣ್ಣದಿಂದ ಗುರುತು ಹಾಕಿ, ಅದಕ್ಕೆ ಹತ್ತಿರದ ತೂಕದ ಇನ್ನೊಂದರ ಜೊತೆ ಜೋಡಿ ಮಾಡಿದೆವು. ಎರಡು ತುದಿಗೂ ಸಮ ಇದ್ದರೆ ಸಾಕು, ಒಟ್ಟು ತೂಕದಲ್ಲಿ ನೂರಿನ್ನೂರು ಗ್ರಾಂ ಹೆಚ್ಚುಕಡಿಮೆಯಾದರೆ ನಷ್ಟವಿಲ್ಲ.

ಪ್ಲೇಟಿನ ತೂತು ಮತ್ತು ರಾಡಿನ ದಪ್ಪ ಹೊಂದುತ್ತವೆಯೇ ನೋಡಿ. ಸ್ಪರ್ಧೆಯ ಪ್ಲೇಟ್‌ಗಳ ತೂತು 50 ಮಿಲಿಮೀಟರ್. ಮನೆಬಳಕೆಯ ರಾಡ್ ಅದಕ್ಕಿಂತ ಬಹಳ ಸಣ್ಣದು. ಹಿಡಿಯ ಮೇಲೆ ಗೀರುಗಳಿದ್ದರೆ ಬೆವರಿದ ಕೈಗೆ ಜಾರದು. ಹಿಡಿದಾಗ ಹೆಬ್ಬೆರಳು ಉಳಿದ ಬೆರಳನ್ನು ಮುಟ್ಟಬೇಕು. ಮುಟ್ಟದಿದ್ದರೆ ಸ್ನಾಯುವಿಗಿಂತ ಮೊದಲು ಅಂಗೈ ಸೋಲುತ್ತದೆ.

ಕೆಜಿಯೋ ಪೌಂಡೋ

ಅಮೆರಿಕದಲ್ಲಿರುವ ಕನ್ನಡಿಗರಿಗೆ ಇದು ದಿನನಿತ್ಯದ ಮಾತು, ಇಲ್ಲಿನವರಿಗೂ ಆನ್‌ಲೈನ್ ಖರೀದಿಯಲ್ಲಿ ಎದುರಾಗುತ್ತದೆ. ಒಂದು ಪೌಂಡ್ ಅಂದರೆ ಸುಮಾರು 454 ಗ್ರಾಂ. 10 ಎಂದು ಕೆತ್ತಿರುವುದು ಪೌಂಡ್ ಆಗಿದ್ದರೆ ಕೈಗೆ ಬರುವುದು ನಾಲ್ಕೂವರೆ ಕೆಜಿ. 'ಜೋಡಿಗೆ 10' ಎಂದಿದ್ದರೆ ಒಂದಕ್ಕೆ ಐದೇ. ಕೇಳಿ ಕೊಳ್ಳಿ.

ನೆಲ ಮತ್ತು ಮಳೆಗಾಲ

ಟೈಲ್ಸ್ ಮೇಲೆ ಬಿದ್ದ ಕಬ್ಬಿಣ ಟೈಲ್ಸ್ ಒಡೆಯುತ್ತದೆ, ಕೆಳಗಿನ ಮನೆಯವರ ನಿದ್ದೆಯನ್ನೂ ಕೆಡಿಸುತ್ತದೆ. ದಪ್ಪನೆಯ ರಬ್ಬರ್ ಹಾಸು ಒಂದು ಬೇಕು. ಯೋಗದ ತೆಳು ಮ್ಯಾಟ್ ಇದಕ್ಕಲ್ಲ. ಕರಾವಳಿ, ಮಲೆನಾಡಿನವರು ಬರೀ ಕಬ್ಬಿಣ ತಂದರೆ ಜೂನ್ ಕಳೆಯುವಷ್ಟರಲ್ಲಿ ತುಕ್ಕು ಹಿಡಿಯುತ್ತದೆ. ರಬ್ಬರ್ ಹೊದಿಕೆಯದು ತನ್ನಿ, ಇಲ್ಲವೇ ಬಳಸಿದ ಮೇಲೆ ಒಣ ಬಟ್ಟೆಯಲ್ಲಿ ಒರೆಸಿ, ಪ್ಲೇಟಿಗೆ ಮಾತ್ರ ತೆಳುವಾಗಿ ಎಣ್ಣೆ ಸವರಿ. ಹಿಡಿಗೆ ಸವರಬೇಡಿ.

ಯಾರು ಮೊದಲು ವೈದ್ಯರನ್ನು ಕೇಳಬೇಕು

ರಕ್ತದೊತ್ತಡ ಹತೋಟಿಗೆ ಬಾರದವರು, ಹೃದಯದ ತೊಂದರೆಯವರು, ಹರ್ನಿಯಾ ಅಥವಾ ಬೆನ್ನಿನ ಡಿಸ್ಕ್ ಸಮಸ್ಯೆ ಇರುವವರು, ಗರ್ಭಿಣಿಯರು, ಮಧುಮೇಹದಿಂದ ಕಣ್ಣಿನ ಪರದೆಗೆ ಹಾನಿಯಾದವರು. ಇನ್ಸುಲಿನ್ ತೆಗೆದುಕೊಳ್ಳುವವರು ವ್ಯಾಯಾಮಕ್ಕೆ ಮೊದಲೂ ಆಮೇಲೂ ಸಕ್ಕರೆ ನೋಡಿಕೊಳ್ಳಬೇಕು, ಇಳಿದುಬಿಡಬಹುದು. ಉಳಿದವರೆಲ್ಲ ನೆನಪಿಡಬೇಕಾದದ್ದು ಉಸಿರು: ಎತ್ತುವಾಗ ಬಿಡಿ, ಇಳಿಸುವಾಗ ಎಳೆಯಿರಿ. ಉಸಿರು ಕಟ್ಟಿ ಮುಕ್ಕಿದರೆ ರಕ್ತದೊತ್ತಡ ಒಮ್ಮೆಲೇ ಏರುತ್ತದೆ.

ಹೆಣ್ಣುಮಕ್ಕಳು ತೂಕ ಎತ್ತಿದರೆ ಗಂಡಸರಂತೆ ಮೈ ಉಬ್ಬುತ್ತದೆ ಎಂಬ ಅಂಜಿಕೆ ಬಿಡಬಹುದು. ಅಂಥ ಸ್ನಾಯುವಿಗೆ ಬೇಕಾದ ಟೆಸ್ಟೋಸ್ಟೆರೋನ್ ಹಾರ್ಮೋನು ಗಂಡಸರಲ್ಲಿ ಹಲವು ಪಟ್ಟು ಹೆಚ್ಚು. ಮುಟ್ಟು ನಿಂತ ಮೇಲೆ ಎಲುಬು ಸವೆಯುವ ಹೆಂಗಸರಿಗೇ ಈ ಭಾರ ಹೆಚ್ಚು ಬೇಕಾದದ್ದು.

ಮೊದಲ ಎರಡು ತಿಂಗಳು

ವಾರಕ್ಕೆ ಎರಡು ಅಥವಾ ಮೂರು ದಿನ, ನಡುವೆ ಒಂದು ದಿನವಾದರೂ ಬಿಡುವು. ಐದು ವ್ಯಾಯಾಮ ಸಾಕು: ಬಸ್ಕಿ, ಬಾಗಿ ಎಳೆಯುವುದು, ತಲೆಯ ಮೇಲಕ್ಕೆ ಒತ್ತುವುದು, ಬೆನ್ನು ನೆಟ್ಟಗಿಟ್ಟು ತೂಕವನ್ನು ನೆಲದಿಂದ ಎತ್ತುವುದು, ಮೊಣಕೈ ಮಡಿಸುವುದು. ಮೊದಲ ಎರಡು ವಾರ ಒಂದೊಂದೇ ಸೆಟ್, ಆಮೇಲೆ ಎರಡು. ಮೊದಲ ದಿನದ ನಂತರ ಎರಡು, ಮೂರು ದಿನ ಮೈ ಕೈ ನೋಯುವುದು ಸಹಜ. ಕೀಲಿನೊಳಗೆ ಚುಚ್ಚಿದಂತೆ ನೋವಾದರೆ ಸಹಜವಲ್ಲ, ಅಲ್ಲಿಗೆ ನಿಲ್ಲಿಸಿ.

ಎಣಿಕೆ ಬರೆದಿಡುವುದು ಮುಖ್ಯ, ಇಲ್ಲವಾದರೆ ಯಾವಾಗ ಮೆಟ್ಟಿಲು ಏರಬೇಕೆಂದು ತಿಳಿಯದು. ಅಮ್ಮ ಹಾಲಿನ ಲೆಕ್ಕದ ಕ್ಯಾಲೆಂಡರಿನಲ್ಲೇ ಬರೆಯುತ್ತಾರೆ. ಮೊಣಕೈ ಮಡಿಸುವುದರ ಎದುರು ಖಾಲಿ ರಾಡಿನ 8, 9, 9, 10, 11 ಎಂದು ಸಾಗಿ, ಏಳನೆಯ ವಾರ ಎರಡು ದಿನ ಸತತವಾಗಿ 12 ಬಿತ್ತು. ಆ ಸಂಜೆ ಚಾಪೆ ಮೇಲೆ ಕೂತು ಅರ್ಧ ಕೆಜಿಯ ನಾಲ್ಕು ಪ್ಲೇಟನ್ನು ತಾವೇ ರಾಡ್‌ಗಳಿಗೆ ಸೇರಿಸಿ, ನಟ್ಟು ಬಿಗಿದು, ಒಮ್ಮೆ ಅಲ್ಲಾಡಿಸಿ ನೋಡಿದರು. ಮರುದಿನದ ಚೌಕದಲ್ಲಿ 3 ಕೆಜಿ, 8 ಎಂದಿದೆ.